ಗುಡಿಸದೆ ಬಿಟ್ಟ ಸೇತುವೆ

ಅವಳ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಕನ್ನಡಿಯಕ್ಕ. ಅವಳು ಒರೆಸಿದ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು ಅಂತ ಯಾರೋ ಚೇಷ್ಟೆಗೆ ಅಂದದ್ದು ಹಾಗೇ ಅಂಟಿಕೊಂಡಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಬಸ್ ನಿಲ್ದಾಣದಲ್ಲಿ ಪೊರಕೆ ಹಿಡಿದಳು, ಆಮೇಲೆ ಆಸ್ಪತ್ರೆ ವರಾಂಡ, ಈಗ ಹನ್ನೊಂದು ವರ್ಷದಿಂದ ಹೆದ್ದಾರಿ. ಒಡೆದ ಗಾಜು, ಟಯರಿನ ಚೂರು, ಗಾಡಿಗೆ ಸಿಕ್ಕು ಸತ್ತ ನರಿ, ಜಿಂಕೆ, ಎಲ್ಲ ಎತ್ತುವುದು ಅವಳೇ. ಕಸ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡ ಲಾರಿ ಓಡಿಸುತ್ತಿದ್ದ. ಮೂರು ವರ್ಷದ ಹಿಂದೆ ಕಾಡಿನ ತಿರುವಿನಲ್ಲಿ ಅಡ್ಡ ಬಂದ ಜಿಂಕೆಯನ್ನು ಉಳಿಸಲು ಹೋಗಿ ಮರಕ್ಕೆ ಗುದ್ದಿ ಬಲಗಾಲು ಕಳೆದುಕೊಂಡ. ಜಿಂಕೆಯೂ ಉಳಿಯಲಿಲ್ಲ. ಈಗ ಮನೆಯಲ್ಲೇ ಕೂತು ಗಾಡಿಗಳ ಸೀಟು ಕವರ್ ಹೊಲಿಯುತ್ತಾನೆ. ಅದೇ ತಿರುವಿನಲ್ಲಿ ಮಗಳು ದಿನಾ ಸ್ಕೂಟರ್ ಮೇಲೆ ಕೆಲಸಕ್ಕೆ ಹೋಗುತ್ತಾಳೆ. ಅವಳು ಬಂದು ಗಾಡಿ ನಿಲ್ಲಿಸಿದ ಸದ್ದು ಕೇಳುವ ತನಕ ಈ ತಾಯಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಹಾಗಾಗಿ ಹೆದ್ದಾರಿಯ ಮೇಲೆ ಪ್ರಾಣಿಗಳಿಗೊಂದು ಸೇತುವೆ ಕಟ್ಟುತ್ತಾರಂತೆ ಅಂದಾಗ ಊರೆಲ್ಲ ನಕ್ಕರೂ ಅವಳು ನಗಲಿಲ್ಲ. "ಜಿಂಕೆಗೆ ಬೋರ್ಡ್ ಓದೋಕೆ ಯಾರು ಕಲಿಸ್ತಾರೆ?" ಅಂತ ಅವಳ ಹಾಜರಿ ಹಾಕುವ ಮೇಸ್ತ್ರಿ ಗೇಲಿ ಮಾಡಿದ. ನಗಲಿ ಬಿಡಿ! ಮೊದಲನೇ ಸೇತುವೆ ಟೋಲ್ ಗೇಟಿನ ಆಚೆ ಎದ್ದಿತು. ಮೇಲೆಲ್ಲ ಮಣ್ಣು, ಹುಲ್ಲು, ಗಿಡ. ಹೆಜ್ಜೆ ಗುರುತು ಮೂಡಲಿ ಅಂತ ನಡುವೆ ಅಡ್ಡಲಾಗಿ ಒಂದು ಮರಳಿನ ಪಟ್ಟಿ. ಆರು ತಿಂಗಳಲ್ಲಿ ಪ್ರಾಣಿಗಳು ದಾಟಿದರೆ ಎರಡನೆಯದು ಕಾಡಿನ ತಿರುವಿನಲ್ಲಿ. ದಾಟದಿದ್ದರೆ ಅಲ್ಲಿಗೆ ಮುಗಿಯಿತು.

ಸೇತುವೆಯ ಕೆಲಸ ಅವಳ ಪಾಲಿಗೇ ಬಂತು. "ಸಾಹೇಬರು ಯಾವಾಗ ಬರ್ತಾರೋ ಗೊತ್ತಿಲ್ಲ, ಕನ್ನಡಿ ಹಾಗಿರ್ಬೇಕು ನೋಡಕ್ಕಾ," ಅಂದ ಮೇಸ್ತ್ರಿ. ಇವಳಿಗೆ ಹೇಳಬೇಕೇ! ದಿನಾ ಬೆಳಗ್ಗೆ ಆರಕ್ಕೆ ಹತ್ತಿ, ಉದುರಿದ ಎಲೆ ಬಾಚಿ, ಮರಳನ್ನು ಹಾಸಿಗೆಯ ಹೊದಿಕೆಯಂತೆ ನಯ ಮಾಡಿ, ಅಂಚಿಗೆಲ್ಲ ಫಿನಾಯಿಲ್ ಹೊಡೆದು ಎಂಟಕ್ಕೆ ಇಳಿಯುತ್ತಿದ್ದಳು. ಪ್ರತಿ ಸೋಮವಾರ ಹತ್ತಕ್ಕೆ ಅರಣ್ಯ ಕಚೇರಿಯ ಕನ್ನಡಕದವರು ಬಂದು ಮರಳು ನೋಡಿ, ಏನೂ ಇಲ್ಲ ಅಂತ ಬರೆದುಕೊಂಡು ಹೋಗುತ್ತಿದ್ದರು. ಐದು ತಿಂಗಳು ಕಳೆಯಿತು. ಒಂದು ಮೊಲವೂ ದಾಟಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವಳು ಮನೆ ಒರೆಸುತ್ತಿದ್ದಾಗ ಗಂಡ ಊರುಗೋಲು ಹಿಡಿದು ಎದ್ದ.

"ರೀ, ಕಾಲಿಡ್ಬೇಡಿ! ಇನ್ನೂ ಆರಿಲ್ಲ."

"ಇರೋದೊಂದು ಕಾಲು ಕಣೇ. ಅದನ್ನೂ ಎಲ್ಲಿಡ್ಲಿ?" ಫಿನಾಯಿಲ್ ವಾಸನೆಗೆ ಅವನು ಮೂಗು ಮುಚ್ಚಿಕೊಂಡ. "ನೀನು ಒರೆಸಿದ ನೆಲದ ಮೇಲೆ ಓಡಾಡೋಕೆ ಮನುಷ್ಯರೇ ಹೆದರ್ತಾರೆ. ಇನ್ನು ಪ್ರಾಣಿ ಬರುತ್ತಾ?"

ಅವನು ತಮಾಷೆಗೆ ಅಂದದ್ದು. ಅವಳು ಒರೆಸುವುದನ್ನು ನಿಲ್ಲಿಸಿದಳು. ಮೊದಲ ವಾರದಲ್ಲಿ ಮರಳಿನ ಮೇಲೆ ಚಿಕ್ಕ ಚಿಕ್ಕ ಗುರುತುಗಳಿದ್ದವು. ಯಾವುದೋ ಬೀದಿನಾಯಿ ಅಂದುಕೊಂಡು ಗುಡಿಸಿದ್ದಳು. ಅಂಚಿನಲ್ಲಿ ಕಪ್ಪಗೆ ಹಿಕ್ಕೆ ಬಿದ್ದಿತ್ತು. ಹೊಸ ಸೇತುವೆ, ಆಗಲೇ ಗಲೀಜು ಅಂತ ಬೈದುಕೊಂಡು ಎರಡು ಬಾಟಲಿ ಫಿನಾಯಿಲ್ ಸುರಿದಿದ್ದಳು. ಅಯ್ಯೋ, ಬಂದಿದ್ದವು! ಬಂದವನ್ನು ಓಡಿಸಿದ್ದು ತಾನೇ! ಮಗಳ ದಾರಿಗೆ ನಾನೇ ಕಲ್ಲು ಹಾಕಿದೆನಲ್ಲ ಅಂತ ಒದ್ದೆ ಬಟ್ಟೆ ಹಿಡಿದುಕೊಂಡೇ ಕೂತು ಅತ್ತಳು.

ಅತ್ತದ್ದು ಅಷ್ಟೇ. ಸೋಮವಾರ ಹತ್ತಕ್ಕೆ ಸೇತುವೆಯ ಮೇಲೆ ಕನ್ನಡಕದವರಿಗಾಗಿ ಕಾದು ನಿಂತು, ಒಂದನ್ನೂ ಮುಚ್ಚಿಡದೆ ಹೇಳಿದಳು. ಅವರು ತಲೆಯ ಮೇಲೆ ಕೈ ಹೊತ್ತು ಮರಳಿನ ಪಕ್ಕದಲ್ಲೇ ಕುಕ್ಕರಿಸಿದರು.

"ದಿನಾ ಗುಡಿಸ್ತಿದ್ರಾ ಅಮ್ಮಾ?"

"ದಿನಾ ಸಾರ್. ಭಾನುವಾರ ಒಂದು ಬಿಟ್ಟು."

"ಪೊರಕೆಯವರಿಗೆ ಒಂದು ಮಾತು ಹೇಳ್ಬೇಕು ಅಂತ ನಮ್ಗೂ ಹೊಳೀಲಿಲ್ಲ ನೋಡಿ. ಇನ್ನು ಇಪ್ಪತ್ತಾರು ದಿನ ಇದೆ."

"ಸಾಕು ಸಾರ್."

ಮೇಸ್ತ್ರಿ ಕೆಂಡವಾದ. ಗುಡಿಸದಿದ್ದರೆ ಹಾಜರಿ ಇಲ್ಲ ಅಂದ. "ಹಾಕ್ಬೇಡಿ ಹೋಗಿ," ಅಂದಳು ಕಡ್ಡಿ ಮುರಿದಂತೆ. ಹೆದ್ದಾರಿಯ ತನ್ನ ಪಾಲು ಮುಗಿಸಿ, ತಾನೇ ಬಾಚಿ ಎಸೆದಿದ್ದ ಎಲೆಯ ರಾಶಿಯನ್ನು ಮಂಕರಿಯಲ್ಲಿ ಹೊತ್ತು ಮೇಲೆ ತಂದು ಹರಡಿದಳು. ಫಿನಾಯಿಲ್ ಕುಡಿದ ಮಣ್ಣನ್ನು ಕೆರೆದು ತೆಗೆದು, ಕಾಡಿನಂಚಿನ ಮಣ್ಣು ಹಾಕಿದಳು. ಇಪ್ಪತ್ತೆರಡು ವರ್ಷ ಕಸ ಎತ್ತಿದವಳು ಕಸ ಹಾಕುವುದನ್ನು ನೋಡಿ ಜೊತೆಯವರು ಬಿದ್ದು ಬಿದ್ದು ನಕ್ಕರು. ಒಣಗಿದ ಎಲೆ ಬಿದ್ದಲ್ಲೇ ಬಿದ್ದಿರುವುದನ್ನು ಕಂಡು ಅವಳ ಕೈ ತುರಿಸುತ್ತಿತ್ತು. ಕೈ ಕಟ್ಟಿಕೊಂಡು ಇಳಿದು ಬರುತ್ತಿದ್ದಳು. ಒಂದು ವಾರ ಏನೂ ಇಲ್ಲ. ಎರಡು ವಾರ ಏನೂ ಇಲ್ಲ. ಮೂರನೇ ವಾರವೂ ಅಷ್ಟೇ. ಮಗಳು ಮನೆಯಿಂದ ಹೊರಟಾಗಲೆಲ್ಲ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಕೊನೆಯ ದಿನ ಎರಡನೇ ಸೇತುವೆಯ ತೀರ್ಮಾನಕ್ಕೆ ಹೆದ್ದಾರಿಯ ದೊಡ್ಡ ಸಾಹೇಬರು ಬರುವವರಿದ್ದರು. ಬೆಳಗ್ಗೆ ಅವಳು ಮೇಲೆ ಹತ್ತಿದಾಗ ಮೇಸ್ತ್ರಿ ತಾನೇ ಪೊರಕೆ ಹಿಡಿದು ಮರಳಿನ ಹತ್ತಿರ ಬಗ್ಗಿದ್ದ. ಅವಳು ಓಡಿದಳು. ಪೊರಕೆಯನ್ನು ಕಸಿದು ಎದೆಗವಚಿಕೊಂಡು ಅಡ್ಡ ನಿಂತಳು.

"ಎಷ್ಟು ಗಲೀಜಾಗಿದೆ ನೋಡಕ್ಕಾ! ಸಾಹೇಬರು ನನ್ನ ತಿಥಿ ಮಾಡ್ತಾರೆ!"

ಅವಳು ಬಗ್ಗಿ ನೋಡಿದಳು. ಮರಳಿನ ಈ ಅಂಚಿನಿಂದ ಆ ಅಂಚಿನವರೆಗೆ ಸೀಳು ಗೊರಸಿನ ಗುರುತು. ಪಕ್ಕದಲ್ಲೇ ಅಂಥವೇ, ಪುಟ್ಟವು. ತಾಯಿ, ಮರಿ.

"ಗಲೀಜಲ್ಲ ಮೇಸ್ತ್ರಿ," ಅಂದಳು. "ಇದೇ ನಮ್ಮ ತಿರುವಿನ ಸೇತುವೆ."

ಅಷ್ಟರಲ್ಲಿ ಕನ್ನಡಕದವರ ಜೊತೆ ಸಾಹೇಬರು ಮೇಲೆ ಬಂದರು. ಪಾಲಿಶ್ ಮಾಡಿದ ಬೂಟು ಹಾಕಿದ ಕಾಲನ್ನು ಮರಳಿನತ್ತ ಎತ್ತಿದರು.

"ಕಾಲಿಡ್ಬೇಡಿ!" ಮನೆಯಲ್ಲಿ ಕೂಗುವ ಅದೇ ಗಂಟಲಲ್ಲಿ ಕೂಗಿದಳು. ಮೇಸ್ತ್ರಿ ಬೆವತುಹೋದ. ಸಾಹೇಬರು ಒಂಟಿ ಕಾಲಲ್ಲಿ ನಿಂತು, ಅವಳನ್ನು ನೋಡಿ, ಮರಳನ್ನು ನೋಡಿ, ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡರು. ಬಹಳ ಹೊತ್ತು ಬಗ್ಗಿ ನೋಡಿದರು. ಕನ್ನಡಕದವರು ಕಾಗದ ಚಾಚಿದಾಗ ಅಲ್ಲೇ, ಮೇಸ್ತ್ರಿಯ ಬೆನ್ನಿನ ಮೇಲಿಟ್ಟುಕೊಂಡು ಸಹಿ ಹಾಕಿದರು. ತಿರುವಿನ ಸೇತುವೆಯ ಕೆಲಸ ಬೇಸಿಗೆಗೆ ಮೊದಲೇ ಶುರುವಾಗಲಿ ಅಂದರು.

ಅವಳು ಮನೆಗೆ ಓಡಿದಳು. ಕಾಲು ತೊಳೆಯುವುದು ನೆನಪಾಗಲಿಲ್ಲ. ಬಾಗಿಲಿನಿಂದ ಗಂಡನ ಹೊಲಿಗೆ ಯಂತ್ರದವರೆಗೂ ಮಣ್ಣಿನ ಹೆಜ್ಜೆ ಮೂಡಿತು. ಅವನು ನೆಲ ನೋಡಿದ, ಹೆಂಡತಿಯ ಮುಖ ನೋಡಿದ. "ದಾಟಿದ್ವಾ?" ಅಂದ.

ಸಂಜೆ ಮಗಳು ಬಂದು ಸ್ಕೂಟರ್ ನಿಲ್ಲಿಸುವವರೆಗೂ ಆ ಹೆಜ್ಜೆಗಳನ್ನು ಅವಳು ಒರೆಸಲಿಲ್ಲ.