ಒಂಬತ್ತು ಮುದ್ದೆಯ ಮೇಲೆ ಇನ್ನೊಂದು

ಮುದ್ದೆಯನ್ನು ಅಗಿದು ತಿನ್ನುವವನನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಮುರಿ, ಉರುಟು, ಸಾರಿಗೆ ಅದ್ದು, ನುಂಗು, ಅಷ್ಟೇ. ಇಷ್ಟು ಸಲೀಸಾದ ಕೆಲಸದಲ್ಲೂ ಒಬ್ಬನು ಇನ್ನೊಬ್ಬನಿಗಿಂತ ಮೇಲು ಅಂತ ತೋರಿಸಿಕೊಳ್ಳಬಹುದು ಅನ್ನುವುದು ನನಗೆ ನಲವತ್ತು ದಾಟಿದ ಮೇಲೆ ಹೊಳೆಯಿತು. ಅಲ್ಲಿಯವರೆಗೆ ನಾನು ಯಾವುದರಲ್ಲೂ ಯಾರಿಗಿಂತಲೂ ಮೇಲಾಗಿದ್ದವನಲ್ಲ.

ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ ನಾನು. ಹತ್ತರಿಂದ ಐದರವರೆಗೆ ಹಾಜರಾತಿ, ಟಿ.ಸಿ., ಬಿಸಿಯೂಟದ ರಿಜಿಸ್ಟರು. ಇಂಥವನಿಗೂ ಒಂದು ಹವ್ಯಾಸ ಬೇಡವೇ? ನಮ್ಮ ಡ್ರಿಲ್ ಮೇಷ್ಟ್ರು ಹಳೇ ನಾಣ್ಯ ಕೂಡಿಸುತ್ತಾರೆ. ವಿಜ್ಞಾನದ ಮೇಡಂ ಟೆರೇಸಿನ ಮೇಲೆ ಗುಲಾಬಿ ಬೆಳೆಯುತ್ತಾರೆ. ನಾನು ಉಣ್ಣುವ ಪಂದ್ಯಗಳಿಗೆ ಹೋಗುತ್ತೇನೆ.

ಶುರುವಾಗಿದ್ದು ಶ್ರೀರಂಗಪಟ್ಟಣದಲ್ಲಿ. ಯಾವುದೋ ಹೊಸ ಹೋಟೆಲಿನವರು ಬಾಗಿಲು ತೆರೆದ ದಿನ ಇಡ್ಲಿ ಪಂದ್ಯ ಇಟ್ಟಿದ್ದರು. ಸುಮ್ಮನೆ ಕಾಫಿ ಕುಡಿಯಲು ಹೋದವನು ಮೂವತ್ತೆರಡು ಇಡ್ಲಿ ತಿಂದು, ಹೂವಿನ ಹಾರ ಹಾಕಿಸಿಕೊಂಡು ಹೊರಗೆ ಬಂದೆ. ಆಮೇಲೆ ಕೆ.ಆರ್. ಪೇಟೆಯಲ್ಲಿ ಬಾಳೆಹಣ್ಣು. ಮಾಕವಳ್ಳಿ ಕಡೆ ಕಬ್ಬಿನ ಹಾಲು. ಅದರಲ್ಲಿ ಸೋತೆ, ಸೋತಿದ್ದಲ್ಲದೆ ಎರಡು ದಿನ ಇಸ್ಕೂಲಿಗೆ ರಜೆ ಹಾಕಿದೆ. ರಜೆ ಅರ್ಜಿಯಲ್ಲಿ 'ಅನಾರೋಗ್ಯ' ಅಂತ ಬರೆದೆ. ಹೆಡ್‌ಮಾಸ್ಟರು ಓದಿ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಸಹಿ ಮಾಡಿದರು.

ಆದರೆ ನನ್ನ ನಿಜವಾದ ಕ್ಷೇತ್ರ ಮುದ್ದೆಯೇ. ಅದಕ್ಕೆ ಶಿಸ್ತು ಬೇಕು ಸ್ವಾಮಿ. ಹಿಂದಿನ ದಿನ ಮಧ್ಯಾಹ್ನ ಹೊಟ್ಟೆ ತುಂಬ ನೀರು ಮಜ್ಜಿಗೆ ಕುಡಿದು ಜಾಗ ಮಾಡಿಕೊಳ್ಳಬೇಕು. ಸಾರನ್ನು ಜಾಸ್ತಿ ಕುಡಿಯಬಾರದು. ಪಕ್ಕದವನ ತಟ್ಟೆ ನೋಡಲೇಬಾರದು. ಇದನ್ನೆಲ್ಲ ನಾನು ಸ್ಟಾಫ್ ರೂಮಿನಲ್ಲಿ ವಿವರಿಸುವಾಗ ಎಲ್ಲರೂ ಗಮನವಿಟ್ಟು ಕೇಳುತ್ತಾರೆ. ಆಮೇಲೆ ನಾನು ಎದ್ದುಹೋದ ತಕ್ಷಣ ನಗುವ ಸದ್ದು ಕೇಳಿಸುತ್ತದೆ. ಕೇಳಿಸಲಿ ಬಿಡಿ.

ನನ್ನ ಹೆಂಡತಿಗೆ ಮಾತ್ರ ಇದು ಮೈಯೆಲ್ಲ ಉರಿ. "ಮನೇಲಿ ನಾನು ಉಪಾಸ ಕೆಡವಿವ್ನಾ ನಿಮ್ಮನ್ನ? ಊರೋರ್ ಮುಂದೆ ಬರಗೆಟ್ಟೋರಂಗೆ ಬಾಯಿ ಬುಟ್ಕಂಡ್ ಕೂತ್ಕತೀರಲ್ಲ, ನಾಚ್ಕೆ ಆಗಕಿಲ್ವ?" ಅನ್ನುತ್ತಾಳೆ. ನಾನು ಗೆದ್ದು ತಂದ ಸ್ಟೀಲ್ ಬಕೆಟ್ಟಿನಲ್ಲೇ ನೀರು ತುಂಬುತ್ತಾ ಅನ್ನುತ್ತಾಳೆ, ಅದೇ ತಮಾಷೆ.

ನಮಗೆ ಇರುವವಳು ಒಬ್ಬಳೇ ಮಗಳು. ಬಿ.ಕಾಂ. ಮಾಡಿದವಳು. ಹೋದ ವರ್ಷ ಕಿಕ್ಕೇರಿ ಹತ್ತಿರದ ಒಂದು ಮನೆಗೆ ಕೊಟ್ಟೆವು. ಕಬ್ಬು, ಹಸು, ಡೇರಿಗೆ ಹಾಲು, ಚೆನ್ನಾಗಿ ಬಾಳುವ ಜನ. ಮಾತುಕತೆಯ ದಿನ ಹುಡುಗನ ತಾಯಿ, ಅಂದರೆ ನಮ್ಮ ಬೀಗಿತ್ತಿ, ಒಂದೇ ಒಂದು ಪ್ರಶ್ನೆ ಕೇಳಿದರು. "ಓದಿರೋ ಮಗ. ಹಿಟ್ಟು ತಿರುವಕ್ ಬತ್ತದಾ?"

ನಿಜ ಹೇಳಬೇಕೆಂದರೆ ಬರುತ್ತಿರಲಿಲ್ಲ. ಓದುವ ಹುಡುಗಿ ಅಂತ ಹೆಂಡತಿ ಅವಳ ಕೈಗೆ ಹಿಟ್ಟಿನ ಕೋಲು ಕೊಟ್ಟವಳೇ ಅಲ್ಲ. ಕೊಟ್ಟ ಒಂದೆರಡು ಸಲವೂ ಮುದ್ದೆಯ ಒಳಗೆಲ್ಲ ಹಸೀ ಹಿಟ್ಟಿನ ಗಂಟು. ಆದರೆ ಬಾಯಿ ನನ್ನದಲ್ಲವೇ, ಸುಮ್ಮನಿದ್ದರೆ ತಾನೇ? "ನನ್ ಮಗ್ಳು ಅಂದ್ಮೇಲೆ ಬರ್ದೆ ಇರ್ತದಾ? ಒಂದ್ ದಿನ ಉಂಡ್ ನೋಡಿ, ಆಮೇಲೆ ಮಾತಾಡಿ!" ಅಂದುಬಿಟ್ಟೆ. ಬಾಗಿಲ ಹಿಂದೆ ನಿಂತಿದ್ದ ಮಗಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದೆ ಇದೆ. ಮದುವೆಗೆ ಇದ್ದ ಎರಡು ತಿಂಗಳೂ ಅವಳು ದಿನಾ ಸಂಜೆ ಒಲೆ ಮುಂದೆ ನಿಂತು ಬೆವರು ಸುರಿಸಿ ಕಲಿತಳು. ಗಂಟುಗಳನ್ನೆಲ್ಲ ನಾನೇ ನುಂಗಿದೆ, ನನಗೇನೂ ಕಷ್ಟವಾಗಲಿಲ್ಲ.

ಮದುವೆಯಾದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವ ಬೀಗರೂಟ ನಮ್ಮಲ್ಲಿ ಮದುವೆಗಿಂತ ಗಟ್ಟಿಯಾದ ಶಾಸ್ತ್ರ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹೊರಗೆ ಶಾಮಿಯಾನದಲ್ಲಿ ನೆಂಟರಿಗೆಲ್ಲ ಅಡುಗೆಯವರು ಮಾಡಿದ್ದು. ನಡುಮನೆಯಲ್ಲಿ ಕೂರುವ ಹತ್ತು ಜನಕ್ಕೆ ಮಾತ್ರ ಹೊಸ ಸೊಸೆಯ ಕೈಯ ಮುದ್ದೆ. ಅಲ್ಲಿ ಮೊದಲ ಎಲೆ ಹೆಣ್ಣಿನ ಅಪ್ಪನದು. ಅವನು ಒಂದು ಮುದ್ದೆ ಉಂಡು ಎರಡನೆಯದನ್ನು ತಾನಾಗಿ ಕೇಳಬೇಕು. ಕೇಳಿದರೆ ಮಗಳ ಕೈಗುಣ ಗೆದ್ದಿತು. ಕೇಳದೆ ಎದ್ದರೆ ಹೆತ್ತ ಅಪ್ಪನೇ ಒಪ್ಪಲಿಲ್ಲ ಅಂತ, ಆ ಹುಡುಗಿ ಆ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಮಾತು ಕೇಳಬೇಕು. ಮಗಳು ಹಿಂದಿನ ದಿನವೇ ಫೋನ್ ಮಾಡಿದ್ದಳು. "ಅಪ್ಪ, ಹಸ್ಕಂಡು ಬಾ. ಎರಡು ಕೇಳು, ಸಾಕು."

"ಎರಡಾ? ನಾಚ್ಕೆ ಆಗ್ಬೇಕು ಕಣವ್ವ ನಂಗೆ. ಐದು ಕೇಳ್ತೀನಿ ಬುಡು" ಅಂದೆ.

ಈಗ ನನ್ನ ಘನಂದಾರಿ ಬುದ್ಧಿಯ ವಿಷಯಕ್ಕೆ ಬರುತ್ತೇನೆ. ಬೀಗರೂಟ ಇದ್ದ ಭಾನುವಾರವೇ ಬೆಳಗ್ಗೆ ಹತ್ತಕ್ಕೆ ನಾಗಮಂಗಲದಲ್ಲಿ ಮುದ್ದೆ ಪಂದ್ಯ. ಮೊದಲ ಬಹುಮಾನ ಟಗರು. ಬೀಗರೂಟ ಒಂದು ಗಂಟೆಗೆ ಅಂತ ಕಾರ್ಡಿನಲ್ಲಿತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ಒಂದು ಗಂಟೆಯ ಊಟಕ್ಕೆ ಒಂದು ಗಂಟೆಗೆ ಎಲೆ ಹಾಕಿದ್ದನ್ನು ಯಾರಾದರೂ ಕಂಡಿದ್ದೀರಾ? ನಾನಂತೂ ಐವತ್ತು ವರ್ಷದಲ್ಲಿ ಕಂಡಿಲ್ಲ. ಒಂದು ಅಂದರೆ ಮೂರೂವರೆ. ಹತ್ತೂವರೆಗೆ ಉಂಡಿದ್ದು ಮೂರೂವರೆಗೆ ಕರಗಿರುತ್ತದೆ. ಹೆಂಡತಿಗೆ, "ಆದಿಚುಂಚನಗಿರಿ ಕಡೆ ಆಸ್ಪತ್ರೇಲಿ ಪರಿಚಯದೋರು ಅವ್ರೆ, ನೋಡ್ಕಂಡು ಅಂಗೇ ಬತ್ತೀನಿ, ನೀನು ನೆಂಟ್ರ ಜೊತೆ ವ್ಯಾನಲ್ಲಿ ಹೋಗಿರು" ಅಂದು ಬೈಕು ಹತ್ತಿದೆ.

ನಾಗಮಂಗಲದಲ್ಲಿ ಒಂಬತ್ತು ಮುದ್ದೆ ನುಂಗಿದೆ. ಬಡಕಲು ದೇಹದ ಒಬ್ಬ ಟ್ರಾಕ್ಟರ್ ಡ್ರೈವರು ಒಂಬತ್ತೂವರೆ ನುಂಗಿ ಟಗರು ಹೊಡೆದುಕೊಂಡು ಹೋದ. ಆ ಅರ್ಧ ಮುದ್ದೆ ನನ್ನ ಎದೆಯಲ್ಲಿ ಇನ್ನೂ ನಿಂತಿದೆ, ಉಣ್ಣದೆಯೇ ನಿಂತಿದೆ. ನನಗೆ ಎರಡನೇ ಬಹುಮಾನ, ಒಂದು ನಾಟಿ ಕೋಳಿ. ಜೀವಂತ ಕೋಳಿ. ಅದನ್ನು ಬೈಕಿನ ಹ್ಯಾಂಡಲ್ಲಿಗೆ ಚೀಲದಲ್ಲಿ ನೇತುಹಾಕಿಕೊಂಡು, ಹೊಟ್ಟೆ ಪೆಟ್ರೋಲ್ ಟ್ಯಾಂಕಿಗೆ ತಾಗದ ಹಾಗೆ ಹಿಂದಕ್ಕೆ ಜರುಗಿ ಕೂತು, ಹಳ್ಳ ಬಂದಾಗಲೆಲ್ಲ ದೇವರನ್ನು ನೆನೆಯುತ್ತಾ ಕಿಕ್ಕೇರಿ ಕಡೆ ಹೊರಟೆ.

ಮುಟ್ಟಿದಾಗ ಒಂದಕ್ಕೆ ಇನ್ನೂ ಹತ್ತು ನಿಮಿಷ. ಶಾಮಿಯಾನದಲ್ಲಿ ಎಲೆ ಹಾಕಿಯಾಗಿತ್ತು. ಎಲೆಗೆ ನೀರು ಚಿಮುಕಿಸಿಯೂ ಆಗಿತ್ತು! ನಮ್ಮ ಬೀಗರು ಅಂಗಳಕ್ಕೇ ಓಡಿಬಂದರು. "ಬನ್ನಿ ಬೀಗ್ರೇ, ಬನ್ನಿ! ಉಣ್ಣೋ ಗಂಡು ನೀವು, ಕಾಯ್ಸಬಾರ್ದು ಅಂತ ಬೆಳಕರ್ದಾಗಿಂದ ಎಲ್ರುನೂ ಓಡಾಡಿಸ್ ಬುಟ್ಟಿವ್ನಿ. ಟೈಮ್ ಅಂದ್ರೆ ಟೈಮ್!" ಅಯ್ಯೋ ಪುಣ್ಯಾತ್ಮ! ಜಿಲ್ಲೆಯ ಚರಿತ್ರೆಯಲ್ಲೇ ಮೊದಲ ಸಲ ಹೊತ್ತಿಗೆ ಸರಿಯಾಗಿ ಊಟ, ಅದೂ ನನ್ನ ಮೇಲಿನ ಪ್ರೀತಿಗೆ. ಕೋಳಿ ಕಂಡು ಅವರಿಗೆ ಇನ್ನೂ ಸಂತೋಷ. "ನೋಡ್ದಾ, ಬೀಗ್ರು ಕೋಳಿ ತಂದವ್ರೆ" ಅಂತ ಚೀಲ ಒಳಗೆ ಕೊಟ್ಟರು. ನಾನು ಬೇಡ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ.

ನಡುಮನೆಯಲ್ಲಿ ಮೊದಲ ಎಲೆಯ ಮುಂದೆ ನನ್ನನ್ನು ಕೂರಿಸಿದರು. ಪಕ್ಕದಲ್ಲಿ ಬೀಗರು, ಅಳಿಯ, ಎದುರಿಗೆ ನನ್ನ ಹೆಂಡತಿ, ಬೀಗಿತ್ತಿ, ಅವರ ಹತ್ತಿರದವರು. ಮಗಳು ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಎಲೆಗೆ ಮುದ್ದೆ ಇಟ್ಟಳು. ಎಷ್ಟು ನುಣ್ಣಗಿತ್ತು ಅಂತೀರಿ! ಹೊಳೆಯುತ್ತಿತ್ತು. ಅವಳ ಅಂಗೈ ಎರಡೂ ಕೆಂಪಾಗಿದ್ದವು. ನನಗೆ ಹೆಮ್ಮೆಯಾಯಿತು.

ಮೊದಲ ತುತ್ತು ನುಂಗಿದೆ. ಎರಡನೆಯದನ್ನು ತಳ್ಳಿದೆ. ಮೂರನೆಯದಕ್ಕೆ ನಾಗಮಂಗಲದ ಒಂಬತ್ತೂ ಎದ್ದು ನಿಂತು, ಜಾಗ ಇಲ್ಲ ಅಂದವು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಹೇಗೋ ಅರ್ಧ ಮುದ್ದೆ ಒಳಗೆ ಕಳಿಸಿದೆ. ಅಷ್ಟೇ. ಮೈಯೆಲ್ಲ ಬೆವರು. ಕೈ ಎಲೆಯ ಮೇಲೇ ನಿಂತುಹೋಯಿತು. ತಲೆ ಎತ್ತಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಅಡುಗೆಮನೆ ಬಾಗಿಲಲ್ಲಿ ಮಗಳು ಎರಡನೇ ಮುದ್ದೆಯನ್ನು ತಟ್ಟೆಯಲ್ಲಿ ಹಿಡಿದು, ನಾನು ಯಾವಾಗ ಕೇಳುತ್ತೇನೋ ಅಂತ ನಿಂತಿದ್ದಾಳೆ.

ಬೀಗಿತ್ತಿ ಮೆಲ್ಲಗೆ ಕೇಳಿದರು. "ಯಾಕ್ ಬೀಗ್ರೇ, ನಮ್ ಸೊಸೆ ಕಟ್ಟಿದ್ದು ಹಿಡಿಸ್ನಿಲ್ವ?"

"ಚೆ ಚೆ, ಅಂಗಲ್ಲ. ಡಾಕ್ಟ್ರು... ಸಕ್ರೆ ಕಾಯಿಲೆ ಅಂತ ಯೋಳವ್ರೆ. ಜಾಸ್ತಿ ಉಣ್ಣಂಗಿಲ್ಲ" ಅಂದುಬಿಟ್ಟೆ. ಎಂಥ ಚೆಂದದ ಸುಳ್ಳು ಅಂತ ಒಂದು ಕ್ಷಣ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬೀಗರ ಮುಖದಲ್ಲಿದ್ದ ನಗು ಹೋಯಿತು. ಅವರು ನನ್ನನ್ನು ಕೇಳಲಿಲ್ಲ, ಮಗಳ ಕಡೆ ತಿರುಗಿದರು. "ಏನವ್ವ, ಅಪ್ಪಂಗೆ ಕಾಯಿಲೆ ಅಂತ ನೀನು ಒಂದ್ ಮಾತೂ ಯೋಳ್ನೇ ಇಲ್ವಲ್ಲ. ಮದ್ವೇಗ್ ಮುಂಚೆ ಯೋಳ್ಬೇಕಾಗಿತ್ತು."

ಮಗಳು ತಟ್ಟೆ ಕೆಳಗಿಟ್ಟಳು. "ನಂಗೂ ಗೊತ್ತಿಲ್ಲ ಮಾವ" ಅಂದಳು. ಅವಳ ಕಣ್ಣು ತುಂಬಿಕೊಂಡಿತು. ನನಗೆ ಕಾಯಿಲೆ ಅಂತ ಅವಳು ನಂಬಿಬಿಟ್ಟಿದ್ದಳು. ಅವಳು ಮುಚ್ಚಿಟ್ಟಿದ್ದಳು ಅಂತ ಅವರು ನಂಬಿದ್ದರು. ನನ್ನ ಮೇಲೆ ನನಗೇ ಎಂಥ ಅಸಹ್ಯ ಹುಟ್ಟಿತು ಅಂದರೆ, ಇನ್ನು ಮರ್ಯಾದೆ ಉಳಿಸಿಕೊಂಡು ಏನು ಮಾಡುವುದು ಅನ್ನಿಸಿತು.

"ಕಾಯಿಲೆ ಇಲ್ಲ, ಏನೂ ಇಲ್ಲ. ಸುಳ್ಳೇಳ್ದೆ" ಅಂದೆ. "ಬೆಳಿಗ್ಗೆ ನಾಗಮಂಗ್ಲದಲ್ಲಿ ಪಂದ್ಯ ಇತ್ತು. ಒಂಬತ್ತು ಮುದ್ದೆ ಉಂಡಿವ್ನಿ."

ಯಾರೂ ನಂಬಲಿಲ್ಲ! ಬೀಗರು ತಲೆ ಅಲ್ಲಾಡಿಸಿದರು. "ಇರ್ಲಿ ಬುಡಿ ಬೀಗ್ರೇ, ಕಾಯಿಲೆ ಯಾರ್ಗ್ ಬರಾಕಿಲ್ಲ? ಅದ್ನ ಮುಚ್ಚಾಕಕ್ಕೆ ಇಂಗೆಲ್ಲ ಕತೆ ಕಟ್ಬೇಡಿ." ಜೀವಮಾನದಲ್ಲಿ ನಾನು ನಾಲ್ಕು ಜನರ ಮುಂದೆ ಹೇಳಿದ ಒಂದು ನಿಜ, ಅದಕ್ಕೂ ಬೆಲೆ ಇಲ್ಲ. ಕೊನೆಗೆ, "ಆ ಕೋಳಿ ತರ್ಸಿ" ಅಂದೆ. ಅಳಿಯ ಚೀಲ ತಂದ. ಕೋಳಿಯ ಕಾಲಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. 'ಮುದ್ದೆ ಉಣ್ಣುವ ಸ್ಪರ್ಧೆ, ದ್ವಿತೀಯ ಬಹುಮಾನ' ಅಂತ ಅವನು ಗಟ್ಟಿಯಾಗಿ ಓದಿದ.

ಆಮೇಲೆ ನಕ್ಕರು ನೋಡಿ. ಬೀಗರು ಎಡಗೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಮಿಯಾನದವರೆಗೂ ಸುದ್ದಿ ಹೋಗಿ ಅಲ್ಲಿಂದಲೂ ನಗು ಬಂತು. ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಆಸ್ಪತ್ರೇಲಿರೋರು ಎಂಗವ್ರೆ?" ಅಂತ ಒಂದೇ ಮಾತು ಕೇಳಿ ತಲೆ ತಗ್ಗಿಸಿ ಊಟ ಮಾಡಿದಳು. ನಾನು ಎದ್ದು ನಿಂತು, ಭಾಷಣದವರ ಹಾಗೆ ಕೈ ಎತ್ತಿ, "ತಪ್ಪು ನನ್ ಹೊಟ್ಟೇದು. ನನ್ ಮಗಳ ಮುದ್ದೇಲಿ ಒಂದ್ ಕೊರತೆ ಇದ್ರೆ ಯಾರಾದ್ರೂ ತೋರ್ಸಿ ನೋಡಾಣ!" ಅಂದೆ. ಯಾರೂ ತೋರಿಸಲಿಲ್ಲ. ಬೀಗಿತ್ತಿಯೇ ತಮ್ಮ ಎಲೆ ಮುಂದಕ್ಕೆ ತಳ್ಳಿ, "ನಂಗೆ ಇನ್ನೊಂದ್ ಇಕ್ಕವ್ವ" ಅಂದರು. ಬೀಗರು ಕೇಳಿದರು, ಅಳಿಯನೂ ಕೇಳಿದ. ಮಗಳು ಕಟ್ಟಿದ್ದೆಲ್ಲ ಖಾಲಿಯಾಯಿತು. ಕೆಟ್ಟದ್ದನ್ನು ನಾನೇ ಸರಿಮಾಡಿದೆ ಅಂತ ನನಗೆ ಒಳಗೊಳಗೇ ಖುಷಿಯಾಯಿತು.

ಸಂಜೆ ಹೊರಟಾಗ ಬೈಕಿನವರೆಗೆ ಮಗಳೊಬ್ಬಳೇ ಬಂದಳು. ಮುಖ ಸಪ್ಪಗಿತ್ತು.

"ಸಿಟ್ಟೇನವ್ವ?" ಅಂದೆ.

"ಸಿಟ್ಟೇನಿಲ್ಲ. ಅರ್ಧ ಉಂಡ್ಯಲ್ಲ, ಎಂಗಿತ್ತಪ್ಪ ನಾನ್ ಮಾಡಿದ್ದು?"

"ಸುಳ್ಳೇಳಾಕಿಲ್ಲ ಮಗ, ನಿಮ್ಮವ್ವನ್ ಕೈಗಿಂತ ಚೆನ್ನಾಗಿತ್ತು."

"ಭಯಕ್ಕೆ ಎರಡ್ ಸಲ ಉಪ್ಪು ಹಾಕ್ಬುಟ್ಟಿದ್ದೆ ಕಣಪ್ಪ. ಬಾಯಿಗೆ ಇಡಕ್ಕಾಗ್ತಿರ್ನಿಲ್ಲ. ಅತ್ತೆ, ಮಾವ, ಇವ್ರು, ಅವ್ವ, ಎಲ್ರಿಗೂ ಗೊತ್ತಾಯ್ತು. ಒಬ್ರೂ ಒಂದ್ ಮಾತ್ ಆಡ್ದೆ ಎರಡೆರಡು ಉಂಡ್ರು."