ಮಂಗ್ಯಾನ ಮಗನಿಗೆ ರೆಡ್ ಕಾರ್ಡ್

ಅದು ೨೦೦೧ರ ನವೆಂಬರ್ ತಿಂಗಳು. ಬಿಟಿಎಂ ಲೇಔಟಿನ ಆಸುಪಾಸಿನಲ್ಲಿ ಎಲ್ಲಿ ನೋಡಿದರೂ ಹಳದಿ-ಕೆಂಪು ಬಾವುಟ, ಬೀದಿಗೊಂದು ಮೈಕು, ಮೈಕಿಗೊಂದು ರಾಜ್ಯೋತ್ಸವದ ಭಾಷಣ. ಕನ್ನಡ ಉಳಿಸಿ, ಕನ್ನಡ ಬೆಳೆಸಿ ಎಂದು ಊರೆಲ್ಲ ಕೂಗುತ್ತಿದ್ದ ಆ ತಿಂಗಳಲ್ಲೇ ನಾನು ಅಪ್ಪಟ ಕನ್ನಡದ ಒಂದು ಮಾತಿನಿಂದಾಗಿ ಬಾಡಿಗೆ ಮನೆ ಕಳೆದುಕೊಳ್ಳುವುದರಲ್ಲಿದ್ದೆ. ಅದೂ ಹೆಂಡತಿ ಎಂಟು ತಿಂಗಳ ಬಸುರಿಯಾಗಿದ್ದಾಗ.

ನಮ್ಮೂರು ಧಾರವಾಡದ ಹತ್ತಿರ. ಜಯನಗರದ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದವನು ನಾನು. ಸುದ್ದಗುಂಟೆಪಾಳ್ಯದಲ್ಲಿ ಪಿಳ್ಳಪ್ಪ ಎಂಬ ಹಿರಿಯರ ಮನೆಯ ಮೇಲಿನ ಪೋರ್ಶನ್ನಿನಲ್ಲಿ ಬಾಡಿಗೆಗಿದ್ದೆವು. ಊರು ಇನ್ನೂ ಹಳ್ಳಿಯಾಗಿದ್ದಾಗ ಅವರು ರಾಗಿ ಬೆಳೆದವರಂತೆ. ಹೊಲ ಹೋಗಿ ಸೈಟುಗಳಾದ ಮೇಲೆ ಮೂರ್ನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಒಳ್ಳೆಯ ಮನುಷ್ಯ, ಆದರೆ ಮುಂಗೋಪಿ. ಅವರ ಹೆಂಡತಿ ಮುನಿಯಮ್ಮನವರಂತೂ ನನ್ನ ಹೆಂಡತಿ ಗಿರಿಜಾಗೆ ಬಸ್ಸಾರು ಮಾಡಿದ ದಿನವೆಲ್ಲ ಒಂದು ಬಟ್ಟಲು ಮೇಲೆ ಕಳಿಸುತ್ತಿದ್ದರು. ಚೊಚ್ಚಲ ಹೆರಿಗೆಗೆ ಗಿರಿಜಾ ತವರಿಗೆ ಹೋಗಬೇಕಿತ್ತು. ಡಾಕ್ಟರಮ್ಮ ಮಾತ್ರ ಈ ಸ್ಥಿತಿಯಲ್ಲಿ ಪ್ರಯಾಣ ಕೂಡದು, ಮೆಟ್ಟಿಲನ್ನೂ ಹೆಚ್ಚು ಹತ್ತಿಳಿಯಬಾರದು ಎಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದರು. ಹಾಗಾಗಿ ನನ್ನ ಅಪ್ಪ-ಅವ್ವನೇ ಬಂದು ಬಾಣಂತನ ಮುಗಿಯುವವರೆಗೆ ಇರುವುದೆಂದು ಮಾತಾಗಿತ್ತು.

ಇನ್ನು ಫುಟ್‌ಬಾಲ್ ವಿಷಯ. ನಮ್ಮ ಕಡೆಯಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಹುಡುಗರೆಲ್ಲ ಸೇರಿ ಒಂದು ಟೀಮು ಕಟ್ಟಿದ್ದರು. ನನಗೆ ಹೊಟ್ಟೆ ಬಂದಿತ್ತು, ಓಡಿದರೆ ಏದುಸಿರು. ಆದರೆ ನನ್ನ ಹತ್ತಿರ ಸ್ಕೂಟರ್ ಇತ್ತು. ನೀರಿನ ಕ್ಯಾನು, ಬಾಳೆಹಣ್ಣು, ಗ್ಲೂಕೋಸ್ ಸಾಗಿಸಲು ಒಬ್ಬರು ಬೇಕಿತ್ತಾದ್ದರಿಂದ ನನ್ನನ್ನು ಮ್ಯಾನೇಜರ್ ಮಾಡಿದರು. ಆಟ ಗೊತ್ತಿಲ್ಲದಿದ್ದರೂ ನನಗೆ ಬಾಯಿ ಜೋರು. ಮ್ಯಾನೇಜರಿಗೆ ಅಷ್ಟು ಸಾಕು ಅಂದುಕೊಂಡೆ.

ಆ ವರ್ಷ ಯುವಕರ ಸಂಘದವರು ರಾಜ್ಯೋತ್ಸವ ಕಪ್ ಇಟ್ಟಿದ್ದರು. ಕಪ್ಪಿನ ದಾನಿ ನಮ್ಮ ಓನರ್ ಪಿಳ್ಳಪ್ಪನವರು. ರೆಫ್ರಿ ಅವರ ಮಗ ಮುನಿರಾಜು. ಸಿಮೆಂಟಿನ ಅಂಗಡಿ ಇಟ್ಟಿದ್ದ ಮುನಿರಾಜು ವಯಸ್ಸಿನಲ್ಲಿದ್ದಾಗ ಒಳ್ಳೆಯ ಆಟಗಾರರಾಗಿದ್ದರಂತೆ, ನಿಯಮ ಅಂದರೆ ನಿಯಮ ಎನ್ನುವ ಆಸಾಮಿ. ಸಂಘದ ಅಧ್ಯಕ್ಷ ನಾಗೇಶ್ ಕೇಬಲ್ ಟಿವಿಯಲ್ಲಿ ವಿದೇಶದ ಮ್ಯಾಚುಗಳನ್ನು ನೋಡಿ ನೋಡಿ ಹೊಸದೊಂದು ರೂಲು ತಂದಿದ್ದರು. ಫಾರಿನ್ನಿನಲ್ಲಿ ರೆಫ್ರಿಯ ಬಗ್ಗೆ ಸೊಲ್ಲೆತ್ತಿದ ಮ್ಯಾನೇಜರಿಗೆ ದಂಡ ಹಾಕುತ್ತಾರೆ, ಮೈದಾನದಿಂದ ಆಚೆ ಕೂರಿಸುತ್ತಾರೆ, ನಮ್ಮಲ್ಲೂ ಹಾಗೇ ಎಂದು ಮೈಕಿನಲ್ಲಿ ಸಾರಿದರು. ನಮ್ಮ ಬಳಿ ದಂಡ ಕಟ್ಟಲು ದುಡ್ಡಿಲ್ಲ ಅಂತ ಅವರಿಗೂ ಗೊತ್ತಿತ್ತು. ಹಾಗಾಗಿ ಸುಣ್ಣದ ಗೆರೆ ಎಳೆದು, ಮಾತಾಡಿದವರು ಟೂರ್ನಮೆಂಟ್ ಮುಗಿಯುವವರೆಗೆ ಅದರಾಚೆ ಅಂದರು.

ಸೆಮಿಫೈನಲ್ ದಿನ ಮುನಿರಾಜು ನಮ್ಮ ವಿರುದ್ಧ ಹ್ಯಾಂಡ್‌ಬಾಲ್ ಕೊಟ್ಟರು. ಬಾಲು ಬಡಿದದ್ದು ಹೆಗಲಿಗೆ. ನಾನು ಗೆರೆಯಂಚಿನಲ್ಲಿ ನಿಂತು, ಸಾಹೇಬ್ರ, ಸರಿಯಾಗಿ ನೋಡ್ರೀ, ನಿಮ್ಮ ಕಣ್ಣಾಗ ಏನರ ಬಿದ್ದೈತೇನು ಎಂದು ಕೇಳಿದೆ. ಆಮೇಲೆ ಇನ್ನೂ ಏನೇನೋ ಹೇಳಿದೆ. ನನ್ನ ಉತ್ತರ ಕರ್ನಾಟಕದ ಮಾತಿನ ವೇಗಕ್ಕೆ ಅವರಿಗೆ ಅರ್ಧವೂ ತಿಳಿಯಲಿಲ್ಲವೋ ಏನೋ, ನಕ್ಕು ಸುಮ್ಮನಾದರು. ಬೈದದ್ದೆಲ್ಲ ಹಾಗೆ ಪಾರಾಯಿತು.

ನಮ್ಮ ಗೋಲ್‌ಕೀಪರ್ ಬಸ್ಯಾ ಗದಗಿನ ಕಡೆಯವನು, ಮೆಡಿಕಲ್ ಶಾಪಿನಲ್ಲಿ ಕೆಲಸ. ಅವನಿಗೊಂದು ಕೆಟ್ಟ ಚಟ. ಆಟ ರಂಗೇರಿದರೆ ಗೋಲು ಬಿಟ್ಟು ಮುಂದಕ್ಕೆ ಓಡಿಬಿಡುತ್ತಿದ್ದ. ಅವತ್ತೂ ಹಾಗೇ ಹೊರಟ. ಇದ್ದ ಶಕ್ತಿಯೆಲ್ಲ ಒಟ್ಟು ಮಾಡಿ ಕೂಗಿದೆ.

“ಏ ಮಂಗ್ಯಾನ ಮಗನ, ಎತ್ತಾಗ ಹೊಂಟೀಲೇ?”

ನನಗೂ ಬಸ್ಯಾನಿಗೂ ನಟ್ಟನಡುವೆ, ಅದೇ ದಿಕ್ಕಿಗೆ ಓಡುತ್ತಿದ್ದವರು ಮುನಿರಾಜು. ಗಕ್ಕನೆ ನಿಂತರು. ಸೀಟಿ ಊದಿದರು. ನನ್ನತ್ತ ತಿರುಗಿ ಜೇಬಿನಿಂದ ಕೆಂಪು ಕಾರ್ಡು ತೆಗೆದರು. ಜನರ ಕಣ್ಣುಗಳೆಲ್ಲ ನಿಧಾನಕ್ಕೆ ಶಾಮಿಯಾನದ ಕಡೆ ಹೊರಳಿದವು. ಅಲ್ಲಿ ಹೆಗಲ ಮೇಲೆ ಶಾಲು ಹೊದ್ದು ಕುಳಿತಿದ್ದವರು ರೆಫ್ರಿಯ ಅಪ್ಪ ಪಿಳ್ಳಪ್ಪನವರು. ಮಗ ಮಂಗ್ಯಾನ ಮಗನಾದರೆ ಮಂಗ ಯಾರು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ನಾನು ಓಡಿ ಹೋಗಿ, ಅದು ನಿಮಗಲ್ಲ, ನಮ್ಮ ಹುಡುಗನಿಗೆ ಅಂದೆ. ಅದು ಬೈಗುಳವೂ ಅಲ್ಲ, ನಮ್ಮ ಕಡೆ ಪ್ರೀತಿಯಿಂದ ಅನ್ನುವ ಮಾತು ಅಂತಲೂ ಸೇರಿಸಿದೆ. ಮುನಿರಾಜು ಅರ್ಧ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡರು.

“ನನ್ ಮೇಲೆ ನಿಮಗ್ಯಾಕ್ರೀ ಪ್ರೀತಿ? ನಡೀರಿ ಆಚೆ.”

ನಾಗೇಶ್ ಮೈಕು ಹಿಡಿದು, ಮ್ಯಾನೇಜರ್ ಅವರು ರೆಫ್ರಿಯವರ ಪೂಜ್ಯ ತಂದೆಯವರನ್ನು ಮಂಗ ಎಂದು ಕರೆದಿರುವುದರಿಂದ, ಎಂದು ಶುರು ಮಾಡಿ ಇಡೀ ಪಾಳ್ಯಕ್ಕೆ ಕೇಳುವಂತೆ ನನ್ನ ಶಿಕ್ಷೆಯನ್ನು ಓದಿದರು. ಗೊತ್ತಿಲ್ಲದವರಿಗೂ ಗೊತ್ತಾಯಿತು. ನಮ್ಮ ಟೀಮು ಹೇಗೋ ಗೆದ್ದು ಫೈನಲ್ಲಿಗೆ ಬಂತು, ನನಗೆ ಮಾತ್ರ ಫೈನಲ್ ಇಲ್ಲದಂತಾಯಿತು.

ಮರುದಿನ ಬೆಳಿಗ್ಗೆ ಮೆಟ್ಟಿಲ ಹತ್ತಿರ ಪಿಳ್ಳಪ್ಪನವರು ಸಿಕ್ಕರು. ದಿನಾ ಕಾಫಿ ಆಯ್ತಾ ಎಂದು ಕೇಳುವವರು ಅವತ್ತು ಮುಖ ಗಂಟಿಕ್ಕಿಕೊಂಡಿದ್ದರು.

“ಮಂಗ ಇರೋ ಮನೇಲಿ ನಿಮ್ಮಂಥೋರು ಯಾಕಿರ್ಬೇಕು ಸ್ವಾಮಿ? ತಿಂಗ್ಳು ಮುಗಿಯೋದ್ರೊಳಗೆ ಬೇರೆ ಮನೆ ನೋಡ್ಕಳಿ.”

ಮೇಲೆ ಬಂದು ಹೇಳಿದರೆ ಗಿರಿಜಾ ಮೊದಲು ನನ್ನನ್ನು ಬೈದಳು, ಆಮೇಲೆ ಅತ್ತಳು. ನಿಮ್ಮ ಬಾಯಿಗೆ ಬೀಗ ಹಾಕಾಕ ಬರ್ತಿರಲಿಲ್ಲೇನು, ಈ ಹೊಟ್ಟಿ ಹೊತ್ಕೊಂಡು ಎಲ್ಲಿಗೆ ಹೋಗ್ಲಿ ನಾ ಅಂದಳು. ಅವಳು ಹೇಳಿದ್ದು ನ್ಯಾಯವೇ. ನಾನು ಕೆಳಗಿಳಿದು ಪಿಳ್ಳಪ್ಪನವರ ಕೈ ಹಿಡಿದು ಕ್ಷಮೆ ಕೇಳಿದೆ. ಅವರು ಕೈ ಬಿಡಿಸಿಕೊಂಡು ಟಿವಿ ಜೋರು ಮಾಡಿದರು. ಆ ವಾರವೆಲ್ಲ ಆಫೀಸು ಮುಗಿಸಿ ಪುಟ್ಟೇನಹಳ್ಳಿ, ಅರೆಕೆರೆ ಅಂತ ಟು-ಲೆಟ್ ಬೋರ್ಡು ಹುಡುಕಿಕೊಂಡು ಅಲೆದೆ. ನೆಲಮಹಡಿಯ ಮನೆ ಸಿಗುವುದೇ ಅಪರೂಪ. ಸಿಕ್ಕ ಕಡೆ ನೀರಿಲ್ಲ. ಮುನಿಯಮ್ಮನವರ ಬಸ್ಸಾರಿನ ಬಟ್ಟಲು ಮಾತ್ರ ಯಜಮಾನರ ಕಣ್ಣು ತಪ್ಪಿಸಿ ಮೇಲೆ ಬರುತ್ತಲೇ ಇತ್ತು.

ಫೈನಲ್ ಇದ್ದದ್ದು ಭಾನುವಾರ. ಅದೇ ಬೆಳಿಗ್ಗೆ ಊರಿಂದ ಅಪ್ಪ-ಅವ್ವ ಬರುವವರಿದ್ದರು. ಅವರಿಗೆ ನಾನು ಏನೂ ತಿಳಿಸಿರಲಿಲ್ಲ. ಬಾಣಂತನಕ್ಕೆಂದು ಬರುವವರಿಗೆ, ಮನೆಯೇ ಇಲ್ಲ ಎಂದು ಯಾವ ಬಾಯಿಂದ ಹೇಳಲಿ? ಗೇಟಿನ ಹತ್ತಿರ ಕಾಯುತ್ತಾ ನಿಂತಿದ್ದೆ. ಪಿಳ್ಳಪ್ಪನವರು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಮುನಿರಾಜು ಕೊರಳಿಗೆ ಸೀಟಿ ನೇತುಹಾಕಿಕೊಂಡು ಬೂಟಿನ ದಾರ ಕಟ್ಟುತ್ತಿದ್ದರು. ಇಬ್ಬರೂ ನನ್ನನ್ನು ನೋಡಿಯೂ ನೋಡದಂತಿದ್ದರು.

ಆಟೋ ಬಂತು. ರೊಟ್ಟಿಯ ಗಂಟು ಹಿಡಿದು ಅವ್ವ ಇಳಿದಳು. ಹಿಂದೆಯೇ ತಲೆಯ ಪಟಕಾ ಸರಿಮಾಡಿಕೊಳ್ಳುತ್ತಾ ಅಪ್ಪ ಇಳಿದ. ಅಪ್ಪನ ದನಿ ನನ್ನದಕ್ಕಿಂತ ಜೋರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಎರಡೂ ಕೈಯಿಂದ ಬರಸೆಳೆದುಕೊಂಡು, ಬೀದಿಗೆಲ್ಲ ಕೇಳುವಂತೆ ಅಂದ.

“ಏನಲೇ ಮಂಗ್ಯಾನ ಮಗನ, ಹಿಂಗ್ಯಾಕ ಸೊರಗೀ?”

ಪಿಳ್ಳಪ್ಪನವರ ಕೈಲಿದ್ದ ಪೇಪರ್ ಕೆಳಗಿಳಿಯಿತು. ಮುನಿರಾಜು ಕಟ್ಟುತ್ತಿದ್ದ ದಾರ ಹಾಗೇ ಬಿಟ್ಟರು. ಪಿಳ್ಳಪ್ಪನವರು ಎದ್ದು ಗೇಟಿನ ತನಕ ಬಂದರು.

“ಏನಂದ್ರಿ ಸ್ವಾಮಿ? ಇನ್ನೊಂದ್ಸಲ ಏಳಿ.”

“ನನ್ನ ಮಗಾರೀ ಇವ. ಮಂಗ್ಯಾನ ಮಗ ಅಂದ್ನಿ.”

“ಅಂಗಾರೆ ಮಂಗ ಯಾರು?”

ಅಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಎದೆಯ ಮೇಲೆ ಕೈಯಿಟ್ಟು, “ಮತ್ಯಾರ್ರೀ, ನಾನ,” ಅಂದ.

ಪಿಳ್ಳಪ್ಪನವರು ಅಪ್ಪನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ನಗು ಶುರುವಾಯಿತು ನೋಡಿ, ಹೊಟ್ಟೆ ಹಿಡಿದುಕೊಂಡು, ಟವೆಲಿನಲ್ಲಿ ಕಣ್ಣೊರೆಸಿಕೊಂಡು, ಜಗಲಿಯ ಮೇಲೆ ಕುಸಿದು ಕೂತು ನಕ್ಕರು. ಒಳಗಿನಿಂದ ಮುನಿಯಮ್ಮ ಏನಾಯಿತೋ ಎಂದು ಓಡಿ ಬಂದರು. ಏನೂ ಅರ್ಥವಾಗದೆ ಅಪ್ಪ-ಅವ್ವ ಮಿಕಮಿಕ ನೋಡುತ್ತಿದ್ದರು. ಕೊನೆಗೆ ಪಿಳ್ಳಪ್ಪನವರು ಅಪ್ಪನ ಕೈ ಹಿಡಿದು, ತಿಂಡಿ ತಿನ್ನಿಸಿ, ತಮ್ಮ ಜೊತೆಯಲ್ಲೇ ಫೈನಲ್ ನೋಡಲು ಕರೆದುಕೊಂಡು ಹೊರಟರು. ಮನೆಯ ವಿಷಯ ಏನೂ ಹೇಳಲಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ.

ನನ್ನನ್ನೂ ಒಳಗೆ ಬಿಡುತ್ತಾರೇನೋ ಅಂದುಕೊಂಡಿದ್ದೆ. ಮುನಿರಾಜು ಒಪ್ಪಲಿಲ್ಲ. ಹ್ಯಾಂಡ್‌ಬಾಲ್ ಬಗ್ಗೆಯೂ ನೀವು ಮಾತಾಡಿದ್ರಿ, ನನಗೆ ಅರ್ಥ ಆಗಿಲ್ಲ ಅಂದ್ಕೊಂಡ್ರಾ, ರೂಲ್ಸ್ ಅಂದ್ರೆ ರೂಲ್ಸ್ ಅಂದರು. ಸುಣ್ಣದ ಗೆರೆಯಾಚೆ ಕಡ್ಲೆಕಾಯಿ ಗಾಡಿಯ ಪಕ್ಕ ಒಬ್ಬನೇ ನಿಂತೆ. ಒಳಗೆ ಶಾಮಿಯಾನದ ಅಂಚಿನಲ್ಲಿ ಅಪ್ಪನೂ ಪಿಳ್ಳಪ್ಪನವರೂ ಒಂದೇ ಶಾಲಿನ ಬಿಸಿಲುಮರೆ ಮಾಡಿಕೊಂಡು ಕೂತಿದ್ದರು.

ಆಟ ಸಮವಾಗಿ ನಡೆದಿತ್ತು. ಎದುರು ಟೀಮಿನವನು ಅಂಚಿನಲ್ಲಿ ಬಾಲನ್ನು ಎಳೆದುಕೊಂಡು ಬಂದು ಒಳಗೆ ಹೊಡೆದ. ಬಾಲು ಗೆರೆ ದಾಟಿ ಆಚೆ ಹೋಗಿ ಬಂದದ್ದು ನನಗೂ ಕಂಡಿತು. ಮುನಿರಾಜು ಸೀಟಿ ಊದಲಿಲ್ಲ. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಆಗ ಶಾಮಿಯಾನದಿಂದ ಪಿಳ್ಳಪ್ಪನವರ ಕೂಗು ಕೇಳಿಸಿತು. ಹೊಲದ ಬದುವಿಗಾಗಿ ಜೀವನವಿಡೀ ಜಗಳವಾಡಿದ್ದ ಮನುಷ್ಯನಿಗೆ ಗೆರೆ ದಾಟಿದ್ದು ತಡೆಯಲಾಗಲಿಲ್ಲ.

“ಲೋ ಮಂಗ್ಯಾನ್ ಮಗ್ನೆ, ಬಾಲು ಗೆರೆ ಆಚೆ ಓಗಿತ್ತಲ್ಲೋ.”

ರೆಫ್ರಿ ನಿಂತರು. ತಮ್ಮ ಅಪ್ಪನನ್ನು ನೋಡಿದರು. ಮೈದಾನವಿಡೀ ಕಾಯುತ್ತಿತ್ತು. ಮುನಿರಾಜು ಶಾಮಿಯಾನದ ತನಕ ನಡೆದು ಹೋಗಿ, ಕಪ್ಪಿನ ದಾನಿಗಳಾದ ತಮ್ಮ ತಂದೆಗೆ ಕೆಂಪು ಕಾರ್ಡು ತೋರಿಸಿದರು. ಆಗ ಎದ್ದಂಥ ಸೀಟಿ, ಚಪ್ಪಾಳೆ ಗೋಲು ಹೊಡೆದಾಗಲೂ ಎದ್ದಿರಲಿಲ್ಲ.

ಪಿಳ್ಳಪ್ಪನವರು ಶಾಲು ಕೊಡವಿಕೊಂಡು, ಗೆರೆ ದಾಟಿ ನನ್ನ ಪಕ್ಕಕ್ಕೆ ಬಂದು ನಿಂತರು. ಕಡ್ಲೆಕಾಯಿ ಪೊಟ್ಟಣವೊಂದನ್ನು ಕೊಂಡು ಅರ್ಧ ನನ್ನ ಕೈಗೆ ಸುರಿದರು. ಸಿಟ್ಟಿನ ಮುಖವಲ್ಲ. ಮಗನ ಮೇಲೆ ಇಷ್ಟು ಹೆಮ್ಮೆ ಆ ಮುಖದಲ್ಲಿ ನಾನು ಹಿಂದೆಂದೂ ಕಂಡಿರಲಿಲ್ಲ.

“ಅಪ್ಪ ಅಂತಾನೂ ನೋಡ್ಲಿಲ್ಲ ನೋಡು ನನ್ಮಗ,” ಅಂದರು. ಸ್ವಲ್ಪ ಹೊತ್ತು ಕಡ್ಲೆಕಾಯಿ ಬಿಡಿಸಿದ ಮೇಲೆ, “ಮನೆ ಗಿನೆ ನೋಡಕ್ಕೋಗ್ಬೇಡ. ಮಗು ಇಲ್ಲೇ ಉಟ್ಲಿ,” ಅಂದರು.

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಬಸ್ಯಾ ಮತ್ತೆ ಗೋಲು ಬಿಟ್ಟು ಓಡಿದ್ದ. ಕೂಗಿ ತಡೆಯುವವರು ಯಾರೂ ಒಳಗಿರಲಿಲ್ಲ, ನಾವು ಸೋತೆವು. ನಮ್ಮಿಬ್ಬರಿಗೂ ಅದರ ಪರಿವೆಯೇ ಇರಲಿಲ್ಲ.

ನನ್ನ ಮಗಳು ಆ ಮನೆಯಲ್ಲಿದ್ದಾಗಲೇ ಹುಟ್ಟಿದಳು. ಅವಳು ಶಾಲೆಗೆ ಹೋಗತೊಡಗಿದರೂ ನಾವು ಅಲ್ಲೇ ಇದ್ದೆವು. ಪಿಳ್ಳಪ್ಪನವರು ಅವತ್ತಿನಿಂದ ಮುನಿರಾಜುವನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ.

೨೦೦೮ರಲ್ಲಿ ಅಪ್ಪ ತೀರಿಕೊಂಡ. ಊರಿನಲ್ಲಿ ಎಲ್ಲ ಕಾರ್ಯ ಮುಗಿಸಿ, ತಲೆ ಬೋಳಿಸಿಕೊಂಡು, ಗಿರಿಜಾ ಮತ್ತು ಮಗಳನ್ನು ಅವ್ವನ ಜೊತೆ ಬಿಟ್ಟು ಬೆಂಗಳೂರಿಗೆ ಮರಳಿದೆ. ಊರಲ್ಲಿ ನನಗೆ ಅಳು ಬಂದಿರಲಿಲ್ಲ, ಬಂದವರನ್ನು ನೋಡಿಕೊಳ್ಳುವುದರಲ್ಲೇ ದಿನ ಕಳೆದಿತ್ತು. ಇನ್ನು ಅಪ್ಪನ ಹಾಗೆ ನನ್ನನ್ನು ಮಂಗ್ಯಾನ ಮಗ ಎಂದು ಕರೆಯುವವರು ಯಾರೂ ಇಲ್ಲ ಎಂಬುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತುತ್ತಿತ್ತು. ಗೇಟು ತೆಗೆದಾಗ ಜಗಲಿಯ ಮೇಲಿದ್ದ ಪಿಳ್ಳಪ್ಪನವರು ಕೋಲು ಊರಿಕೊಂಡು ಎದ್ದರು. ನನ್ನ ಬೋಳು ತಲೆಯನ್ನು ನೋಡಿದರು.

“ಬಾರೋ ಮಂಗ್ಯಾನ್ ಮಗ್ನೆ,” ಅಂದರು. “ಊಟ ಮಾಡ್ದಾ?”

ನಾನು ಬ್ಯಾಗನ್ನು ಕೆಳಗಿಟ್ಟು, ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಒಳಗೆ ಮುನಿಯಮ್ಮ ನನಗೂ ಒಂದು ತಟ್ಟೆ ಹಾಕಿದರು.