ಉಮ್ಮತ್ತೂರಿನ ರಾಜ ಮತ್ತು ಹಳೇ ಹಾರ್ಡ್ ಡಿಸ್ಕ್

ಚಾಮರಾಜನಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹೋದ ವರ್ಷ ಒಂದು ಬೆಳಿಗ್ಗೆ ಉಮ್ಮತ್ತೂರಿನಿಂದ ಗಂಡ ಹೆಂಡತಿ ಬಂದರು. ಇಬ್ಬರಿಗೂ ಐವತ್ತು ದಾಟಿತ್ತು. ಗಂಡನ ಹೆಗಲ ಮೇಲೆ ಹಳೆಯ ಸಿಪಿಯು, ಹೆಂಡತಿಯ ಕೈಚೀಲದಲ್ಲಿ ಅದರ ವೈರುಗಳು.

"ಇದ್ರೊಳ್ಗೆ ನಮ್ಮೂರ ನಾಟ್ಕ ಅದೆ ಕಣವ್ವ. ರಾಜನ ಪಾರ್ಟು ನಂದೇ. ನನ್ ಪದುಕ್ಕೆ ಮೂರ್ ಸಲ ಒನ್ಸ್ ಮೋರ್ ಆಯ್ತು," ಎಂದರು ಗಂಡ.

"ಇಪ್ಪತ್ತು ವರ್ಸದಿಂದ ಇದ್ನೇ ಏಳ್ತಾವ್ರೆ," ಎಂದರು ಹೆಂಡತಿ. ನಾಟಕದ ಹೊತ್ತಿಗೆ ಅವರು ಹೆರಿಗೆಗೆಂದು ಗುಂಡ್ಲುಪೇಟೆಯ ತವರಿನಲ್ಲಿದ್ದರಂತೆ. ವಿಡಿಯೋ ತೆಗೆದಿದ್ದ ಅವರ ತಮ್ಮ ಈಚೆಗೆ ಅಟ್ಟ ಗುಡಿಸುವಾಗ ಸಿಕ್ಕಿದ ಕಂಪ್ಯೂಟರನ್ನು ಅಕ್ಕನ ಮನೆಗೆ ಸಾಗಿಸಿದ್ದ.

ಸಿಪಿಯು ಜೀವ ಬಿಟ್ಟು ಬಹಳ ಕಾಲವಾಗಿತ್ತು. ಹಾರ್ಡ್ ಡಿಸ್ಕ್ ಬಿಚ್ಚಿಕೊಂಡೆ. ಈಗಿನ ಡಿಸ್ಕಿಗೆ ಬೆರಳಗಲದ ಕೇಬಲ್ ಸಿಕ್ಕಿಸಿದರೆ ಮುಗಿಯಿತು. ಇದಕ್ಕೆ ಅಂಗೈ ಅಗಲದ ಪಟ್ಟಿ ಕೇಬಲ್ ಬೇಕು, ಹೊಸ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಇಂಥದ್ದಕ್ಕೆಂದೇ ಇಟ್ಟುಕೊಂಡಿದ್ದ, ಎರಡೂ ಬಗೆಯ ಕೇಬಲ್ ಹಿಡಿಯುವ ಹಳೆಯ ಕಂಪ್ಯೂಟರನ್ನು ಹೊರಗೆಳೆದೆ. ಅದರದೇ ಡಿಸ್ಕ್ ಇದ್ದ ಪಟ್ಟಿಗೆ ಇದನ್ನೂ ಜೋಡಿಸಿದೆ. ಪರದೆಯಲ್ಲಿ ಎರಡೂ ಕಾಣಲಿಲ್ಲ.

"ಒಂದೇ ಪಟ್ಟಿಲಿ ಎರಡೂ ಮಾಸ್ಟರ್ ಆಗಿವೆ. ಒಂದು ಕೆಳಗಿಳೀಬೇಕು," ಎಂದೆ.

"ಒಂದ್ ಮನೇಲಿ ಇಬ್ರು ಯಜಮಾನ್ರಾದ್ರೆ ಇಂಗೇಯ," ಎಂದು ಹೆಂಡತಿ ಗಂಡನನ್ನು ನೋಡಿದರು.

ಇಳಿಸುವುದೆಂದರೆ ಡಿಸ್ಕಿನ ಹಿಂದಿರುವ ಸೂಜಿಯಂಥ ಪಿನ್ನುಗಳಿಂದ ಜಂಪರ್ ಎಂಬ ಅಕ್ಕಿಕಾಳಿನಷ್ಟು ಪುಟ್ಟ ಪ್ಲಾಸ್ಟಿಕ್ ಟೊಪ್ಪಿಯನ್ನು ಕಿತ್ತು ಪಕ್ಕದ ಪಿನ್ನುಗಳಿಗೆ ಹಾಕುವುದು. ಇಕ್ಕಳಕ್ಕೆ ಸಿಕ್ಕಿದ್ದೇ ತಡ, ಅದು ಹಾರಿ ಎಲ್ಲೋ ಬಿತ್ತು. ಮೂವರೂ ನೆಲ ಹುಡುಕಿದೆವು. ಕೊನೆಗೆ ಆ ಹೆಂಗಸೇ ಮೇಜಿನ ಕಾಲಿನ ಸಂದಿಯಿಂದ ತಲೆಪಿನ್ನಿನಲ್ಲಿ ಮೀಟಿ ತೆಗೆದರು. ರಾಗಿಯಲ್ಲಿ ಕಲ್ಲು ಆಯ್ದ ಕಣ್ಣು ಅವು.

ಜಂಪರ್ ಜಾಗಕ್ಕೆ ಕೂತಿತು. ಎರಡೂ ಡಿಸ್ಕುಗಳು ಪರದೆಗೆ ಬಂದವು. ನಾಟಕವನ್ನು ಹೊಸದೊಂದು ಡಿಸ್ಕಿಗೆ ನಕಲು ಮಾಡಿ, ಪರದೆಯ ಮೇಲೆ ಓಡಿಸಿದೆ.

ಕಿರೀಟ ತೊಟ್ಟ ಸಣಕಲು ರಾಜ ಬಂದ. ಗಂಟಲು ಮಾತ್ರ ಕಂಚಿನದು. ಮೊದಲ ಸಾಲು ಹಾಡಿದ, ಎರಡನೆಯದು ಬರಲಿಲ್ಲ. ಹಾರ್ಮೋನಿಯಂನವರು ಮತ್ತೆ ಮೊದಲಿಂದ ಹಿಡಿದರು. ಮತ್ತೆ ಮೊದಲ ಸಾಲೇ. ಮೂರನೇ ಸಲವೂ ಅಷ್ಟೇ. ಜನ ನಕ್ಕು ಶಿಳ್ಳೆ ಹೊಡೆದರು.

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಗಂಡ ಬೀದಿಯ ಕಡೆ ಮುಖ ತಿರುಗಿಸಿ ಕೂತರು. ನನಗೆ ಅಯ್ಯೋ ಅನ್ನಿಸಿತು.

"ಮಗಾ ಉಟ್ಟದೆ ಅಂತ ಅವತ್ತೇ ಸುದ್ದಿ ಬಂದಿತ್ತು. ತಲೇಲಿ ಪದ ಎಲ್ಲಿ ನಿಂತದು," ಎಂದರು ಗಂಡ ಮೆಲ್ಲಗೆ.

ಆಕೆಯ ನಗು ನಿಂತಿತು. "ಇದ್ನ ಯಾಕ್ ಏಳ್ನಿಲ್ಲ ನೀವು?"

ಅವರು ಬೀದಿಯಿಂದ ಪರದೆಯ ಕಡೆ ತಿರುಗಿದರು.

"ಓಗ್ಲಿ ಬುಡಿ. ದನಿ ಚೆಂದಾಗದೆ. ಮಿಕ್ಕಿದ್ದ ಈಗ ಆಡಿ, ಕೇಳ್ತೀನಿ," ಎಂದರು ಆಕೆ.

ಅವರು ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಕೆಮ್ಮಿ ಗಂಟಲು ಸರಿಮಾಡಿಕೊಂಡು, ಪೂರ್ತಿ ಪದ ಹಾಡಿದರು. ನಾನು ಮೊಬೈಲಿನಲ್ಲಿ ಹಿಡಿದುಕೊಂಡೆ.